ಬಸುರಿಯ ಚೀಟಿ ಓದುವವರು ಯಾರು? ಕಾಸರಗೋಡಿನ ಗಡಿಯಿಂದ ಒಂದು ಪ್ರಕರಣ ಅಧ್ಯಯನ

ಈ ಬರಹದ ಹೆಣ್ಣುಮಗಳು ಒಬ್ಬಳಲ್ಲ. ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯದ ಸುತ್ತಮುತ್ತ ಬಸಿರಿನಲ್ಲಿ ಪೆಟ್ಟು ತಿಂದ ಹಲವರ ಮಾತುಗಳನ್ನು ಸೇರಿಸಿ ಒಂದು ಪ್ರಕರಣವಾಗಿ ಕಟ್ಟಿದ್ದೇನೆ. ನಮ್ಮ ಕಡೆ ಬೇರೆ ದಾರಿ ಇಲ್ಲ. ಗಂಡನ ಕೆಲಸ, ಮದುವೆಯಾದ ವರ್ಷ, ತಾಯಿಮನೆಯ ಊರು, ಈ ಮೂರನ್ನು ಹೇಳಿದರೆ ಸಾಕು, ಓದಿದವರು "ಓ, ಇಂಥವರ ಮನೆ ಹುಡುಗಿ" ಅಂದುಬಿಡುತ್ತಾರೆ. ಹಾಗೆ ಗುರುತು ಸಿಕ್ಕಿದರೆ ಅದರ ಫಲ ಅನುಭವಿಸಬೇಕಾದವಳು ಅವಳು, ನಾನಲ್ಲ. ಅದಕ್ಕೇ ಹೆಸರೂ ಇಟ್ಟಿಲ್ಲ. ಅವಳು ಎಂದಷ್ಟೇ ಕರೆಯುತ್ತೇನೆ.

ಅವಳ ತಾಯಿಮನೆ ವಿಟ್ಲದ ಆಚೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಿಯುಸಿವರೆಗೆ ಓದು. ಮದುವೆಯಾಗಿ ಬಂದದ್ದು ಗಡಿ ದಾಟಿ ಕಾಸರಗೋಡು ಜಿಲ್ಲೆಯ ಒಳಗಿನ ಒಂದು ಊರಿಗೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಹೆಣ್ಣು ಕೊಡುವುದು, ತರುವುದು ನಿಂತಿಲ್ಲ. ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ, ಅಡಿಕೆ, ಬೀಡಿ ಎಲ್ಲ ಎರಡೂ ಕಡೆ ಒಂದೇ ಅಲ್ವಾ? ಗಂಡನ ಮನೆಯಲ್ಲೂ ತುಳುವೇ. ಆದರೆ ಗಂಡ ಮಲಯಾಳ ಮಾಧ್ಯಮದಲ್ಲಿ ಓದಿದವನು. ಅವಳಿಗೆ ಮಲಯಾಳದ ಅಕ್ಷರ ಗೊತ್ತಿಲ್ಲ, ಮಾತೂ ಅಷ್ಟಕ್ಕಷ್ಟೇ. ಮದುವೆಯ ಹೊತ್ತಿಗೆ ಇದು ಯಾರಿಗೂ ಒಂದು ವಿಷಯ ಅನಿಸಿರಲಿಲ್ಲ.

ಮನೆಯಲ್ಲಿ ಗಂಡ, ಅತ್ತೆ, ಮದುವೆಯಾಗದ ಮೈದುನ. ಸ್ವಲ್ಪ ಅಡಿಕೆ ತೋಟ ಇದೆ, ಅದರಿಂದ ಮನೆ ನಡೆಯುವುದಿಲ್ಲ. ಗಂಡ ಪಿಕಪ್ ಓಡಿಸುತ್ತಾನೆ. ಮದುವೆಯಾದ ಮೊದಲ ವರ್ಷ ಎರಡು ಮೂರು ಸಲ ಕೆನ್ನೆಗೆ ಹೊಡೆದಿದ್ದ. ಒಮ್ಮೆ ಗೋಡೆಗೆ ಒತ್ತಿ ಕುತ್ತಿಗೆ ಹಿಡಿದಿದ್ದ. ಬಸುರಿ ಎಂದು ಗೊತ್ತಾದ ಮೇಲೆ ಕೈ ಎತ್ತುವುದು ನಿಂತಿತು. ತಾಯಿಮನೆಯವರಿಗೆ ಸಮಾಧಾನ ಆಯಿತು. ಹುಡುಗ ಸರಿ ಹೋದ ಎಂದರು.

ಆಗಿನಿಂದ ಆರು ತಿಂಗಳಲ್ಲಿ ನಡೆದದ್ದನ್ನು ಆಸ್ಪತ್ರೆಯ ಕಡತದಿಂದ ಹೇಳಿದರೆ ಹೀಗೆ. ಮೂರು ಸಲ ತಪಾಸಣೆ. ಸ್ಕ್ಯಾನಿಂಗ್‌ನಲ್ಲಿ ಮಾಸು (ಪ್ಲಾಸೆಂಟಾ) ಕೆಳಗಿದೆ ಎಂದು ಕಂಡಿತು. ಒಮ್ಮೆ ರಕ್ತಸ್ರಾವ, ಒಂದು ರಾತ್ರಿ ವಾರ್ಡಿನಲ್ಲಿ. ಆರನೇ ತಿಂಗಳಲ್ಲಿ ಸೊಂಟಕ್ಕೆ ಪೆಟ್ಟು, ಕಾರಣ ತೋಟದಲ್ಲಿ ಜಾರಿ ಬಿದ್ದದ್ದು. ರಕ್ತ ಕಡಿಮೆ, ಕಬ್ಬಿಣದ ಮಾತ್ರೆ. ಮಗುವಿನ ಬಡಿತ ಸರಿ ಇದೆ. ಏಳನೇ ತಿಂಗಳಲ್ಲಿ ಹೆಸರಿನ ಎದುರು "ತಾಯಿಮನೆಗೆ ಹೋಗಿದ್ದಾರೆ".

ಈ ಕಡತದಲ್ಲಿ ಸುಳ್ಳು ಎನ್ನಬಹುದಾದ ಮಾತು ಒಂದೇ, ತೋಟದಲ್ಲಿ ಜಾರಿದ್ದು. ಅದನ್ನೂ ಯಾರೂ ಅನುಮಾನಿಸಲಿಲ್ಲ. ಮಳೆಗಾಲದಲ್ಲಿ ಅಡಿಕೆ ತೋಟದ ಪಾಚಿಯಲ್ಲಿ ಜಾರದವರು ಯಾರಿದ್ದಾರೆ?

ಕೇಳದೇ ಇದ್ದ ಮೊದಲ ಭೇಟಿ

ನಾನು ಅವಳನ್ನು ಮೊದಲು ನೋಡಿದ್ದು ಗಂಡನ ಮನೆಯ ಜಗಲಿಯಲ್ಲಿ. ಬಸಿರು, ಬಾಣಂತನದ ಆರೋಗ್ಯದ ಅಧ್ಯಯನ ಎಂದು ಮನೆಯವರಿಗೆ ಹೇಳಿದ್ದೆವು. ಅತ್ತೆ ಪಕ್ಕದಲ್ಲೇ ಕೂತು ಅಡಿಕೆ ಸುಲಿಯುತ್ತಿದ್ದರು. ಊಟ, ನಿದ್ದೆ, ಮಾತ್ರೆ, ಸ್ಕ್ಯಾನಿಂಗ್ ಬಗ್ಗೆ ಕೇಳಿದೆ. ಅರ್ಧ ಪ್ರಶ್ನೆಗೆ ಉತ್ತರ ಕೊಟ್ಟವರು ಅತ್ತೆಯೇ. ಹೊಡೆತದ ಪ್ರಶ್ನೆ ಒಂದನ್ನೂ ಕೇಳಲಿಲ್ಲ.

ಹೀಗೆ ಕೇಳದಿರುವುದು ನಮ್ಮ ಕೆಲಸದ ಮೊದಲ ನಿಯಮ. ಮನೆಯೊಳಗಿನ ಹಿಂಸೆಯನ್ನು ಅಧ್ಯಯನ ಮಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಸೂಚನೆಗಳ ತಿರುಳು ಇಷ್ಟೇ: ಹೆಣ್ಣಿನ ಸುರಕ್ಷತೆ ಮೊದಲು, ಮಾಹಿತಿ ಆಮೇಲೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನು ಪಾಲಿಸುತ್ತದೆ. ಒಂದು ಮನೆಯಲ್ಲಿ ಒಬ್ಬಳನ್ನು ಮಾತ್ರ ಈ ವಿಷಯ ಕೇಳುತ್ತಾರೆ. ಬೇರೆ ಯಾರೂ ಕೇಳಿಸಿಕೊಳ್ಳದ ಜಾಗ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಮಧ್ಯದಲ್ಲಿ ಯಾರಾದರೂ ಬಂದರೆ ತಕ್ಷಣ ಮಾತು ಬದಲಿಸಬೇಕು. ಅದಕ್ಕಾಗಿ ನಾವು ಬಾಣಂತಿ ಮದ್ದಿನ ಬಗ್ಗೆ ನಾಲ್ಕಾರು ಪ್ರಶ್ನೆಗಳನ್ನು ಬಾಯಲ್ಲೇ ಇಟ್ಟುಕೊಂಡಿರುತ್ತೇವೆ.

ಮನೆಯವರಿಗೆ ಪೂರ್ತಿ ವಿಷಯ ಹೇಳದಿರುವುದು ಮೋಸ ಅಲ್ವಾ ಎಂದು ಕೆಲವರು ಕೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅವಳು ಒಬ್ಬಳೇ ಸಿಕ್ಕಾಗ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇವೆ. ಒಪ್ಪಿಗೆ ಕೊಡಬೇಕಾದವಳು ಅವಳು. ಸಹಿ ಹಾಕಿದ ಕಾಗದವನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ, ಬಾಯಿಮಾತಿನ ಒಪ್ಪಿಗೆ ಸಾಕು. ಗಂಡನಿಗೂ ಅತ್ತೆಗೂ ಅವಳ ಪರವಾಗಿ ತಿಳಿದುಕೊಳ್ಳುವ ಹಕ್ಕಿದೆ ಎಂದು ಮೊದಲೇ ಒಪ್ಪಿಕೊಂಡರೆ, ಯಾವ ಹಿಡಿತವನ್ನು ಅಧ್ಯಯನ ಮಾಡಲು ಹೊರಟಿದ್ದೇವೋ ಅದಕ್ಕೇ ನಾವು ಸೇರಿಕೊಂಡ ಹಾಗೆ.

"ಒಮ್ಮೆ ಓದಿ ಹೇಳ್ತೀರಾ?"

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. 2016ರಿಂದ ದೇಶದಾದ್ಯಂತ ನಡೆಯುತ್ತಿರುವ ಕಾರ್ಯಕ್ರಮ ಅದು. ಅವಳು ಗಂಡನ ಜೊತೆ ಬಂದಿದ್ದಳು. ವೈದ್ಯರ ಕೋಣೆಗೆ ಅವನೂ ಒಳಗೆ ಬರುತ್ತಿದ್ದ, ಮಲಯಾಳದಲ್ಲಿ ಅವನೇ ಮಾತಾಡುತ್ತಿದ್ದ. ಕಾಳಜಿಯ ಗಂಡ ಎಂದು ಎಲ್ಲರೂ ಮೆಚ್ಚಿಕೊಳ್ಳುವ ದೃಶ್ಯ. ಆದರೆ ತೂಕ ನೋಡುವ ಜಾಗಕ್ಕೆ ಗಂಡಸರು ಬರುವ ಹಾಗಿಲ್ಲ. ಅಲ್ಲಿ ಅವಳು ನನ್ನ ಕೈಗೆ ಆಸ್ಪತ್ರೆಯ ಚೀಟಿಗಳ ಕಟ್ಟು ಕೊಟ್ಟು ಕೇಳಿದಳು, "ಅಕ್ಕ, ಇದರಲ್ಲಿ ಏನು ಬರೆದಿದ್ದಾರೆ, ಒಮ್ಮೆ ಓದಿ ಹೇಳ್ತೀರಾ?"

ಹೊಡೆತದ ಬಗ್ಗೆ ಒಂದು ಮಾತಿಲ್ಲ. ಅವಳಿಗೆ ಬೇಕಿದ್ದದ್ದು ತನ್ನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬ ಸುದ್ದಿ. ನರ್ಸ್ ಮತ್ತು ನಾನು ಸೇರಿ ಓದಿ ಹೇಳಿದೆವು. ಮಾಸು ಕೆಳಗಿದೆ, ಭಾರ ಎತ್ತಬಾರದು, ಗಂಡ ಹೆಂಡತಿ ಸೇರಬಾರದು, ರಕ್ತ ಕಂಡರೆ ಕೂಡಲೇ ಬರಬೇಕು. ಈ ಮಾತನ್ನು ವೈದ್ಯರು ಎರಡು ತಿಂಗಳ ಹಿಂದೆಯೇ ಹೇಳಿದ್ದರು, ಮಲಯಾಳದಲ್ಲಿ, ಗಂಡನಿಗೆ. ಅವನು ಹೊರಗೆ ಬಂದು ಅವಳಿಗೆ ಹೇಳಿದ್ದು ಒಂದೇ: ಕಬ್ಬಿಣದ ಮಾತ್ರೆ ಬರೆದಿದ್ದಾರೆ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಅವಳ ದೇಹದ ಬಗ್ಗೆ ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಬಿಟ್ಟು. ಆ ಎರಡು ತಿಂಗಳು ಅವಳು ನೀರು ಹೊತ್ತಿದ್ದಾಳೆ. ರಾತ್ರಿ ಬೇಡ ಎಂದರೂ ಗಂಡ ಬಲವಂತ ಮಾಡಿದ್ದಾನೆ. ಬೇಡ ಎನ್ನಲು ವೈದ್ಯರ ಮಾತಿನ ಆಸರೆ ಇತ್ತು, ಅದನ್ನು ಅವಳಿಗೆ ತಲುಪಿಸಲಿಲ್ಲ. ರಕ್ತಸ್ರಾವ ಆದದ್ದು ಅಂಥ ಒಂದು ರಾತ್ರಿಯ ಮರುದಿನ. ಕಡತದಲ್ಲಿ ಅದಕ್ಕೆ ಕೊಟ್ಟ ಕಾರಣ ಮಾಸು.

ಕಾಸರಗೋಡಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕಿದೆ. ನಾವು ಅದನ್ನು ಶಾಲೆ, ನೌಕರಿ, ರೇಷನ್ ಅರ್ಜಿಯ ವಿಚಾರವಾಗಿ ಮಾತಾಡುತ್ತೇವೆ, ಹೋರಾಟವನ್ನೂ ಮಾಡುತ್ತೇವೆ. ಬಸುರಿಯೊಬ್ಬಳು ವೈದ್ಯರ ಮಾತನ್ನು ತಾನೇ ಕೇಳಿ ತಿಳಿದುಕೊಳ್ಳುವುದೂ ಅದೇ ಹಕ್ಕಿನ ಭಾಗ ಎಂದು ಯಾರೂ ವೇದಿಕೆಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಮಾತು ತಲುಪಿಸುವ ಕೆಲಸವನ್ನು ಗಂಡನಿಗೆ ಬಿಟ್ಟರೆ, ಏನನ್ನು ತಲುಪಿಸಬೇಕು, ಏನನ್ನು ನುಂಗಬೇಕು ಎಂಬುದೂ ಅವನ ಕೈಯಲ್ಲೇ ಉಳಿಯುತ್ತದೆ.

ಅವಳು ಹೇಳಿದ ಕ್ರಮ

ಮುಖ್ಯ ಮಾತುಕತೆ ನಡೆದದ್ದು ಸೀಮಂತ ಮುಗಿಸಿ ತಾಯಿಮನೆಗೆ ಬಂದ ಮೇಲೆ. ಮನೆಯೊಳಗಲ್ಲ, ತೋಟದ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಜಾಗ ಅವಳೇ ಆರಿಸಿದ್ದು. ತಾಯಿಮನೆ ಎಂದರೆ ಸುರಕ್ಷಿತ ಎಂದು ಸುಮ್ನೆ ನಂಬಿಬಿಡಬಾರದು. ಅವಳ ಅಮ್ಮನೇ ಸ್ವಲ್ಪ ತಾಳಿಕೋ, ಮಗು ಆದ ಮೇಲೆ ಎಲ್ಲ ಸರಿ ಹೋಗ್ತದೆ ಎನ್ನುತ್ತಿದ್ದರು. ಅತ್ತಿಗೆಯ ಎದುರು ಬಾಯಿ ಬಿಟ್ಟರೆ ಮಾತು ಗಂಡನ ಮನೆಗೆ ತಲುಪುವ ಭಯ ಬೇರೆ.

ಮಾತು ತುಳುವಿನಲ್ಲಿ. ನಮ್ಮ ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇತ್ತು, ಕೆನ್ನೆಗೆ ಹೊಡೆದದ್ದುಂಟಾ, ಒದ್ದದ್ದುಂಟಾ, ಕತ್ತಿ ತೋರಿಸಿದ್ದುಂಟಾ ಎಂಬ ರೀತಿಯದು. ಅದನ್ನು ಬದಿಗಿಟ್ಟು, ಬಸುರಿ ಎಂದು ಗೊತ್ತಾದಂದಿನಿಂದ ನಿಮಗೆ ಕಷ್ಟ ಆದದ್ದು ಯಾವುದು, ಎಲ್ಲಿಂದ ಬೇಕಾದರೂ ಹೇಳಿ ಎಂದೆ.

ಅವಳು ಶುರು ಮಾಡಿದ್ದು ಚೀಟಿಯಿಂದ. ಆಮೇಲೆ ಫೋನು. ರೀಚಾರ್ಜ್ ನಿಂತದ್ದು, ಅಮ್ಮನ ಜೊತೆ ಮಾತಾಡಬೇಕಾದರೆ ಗಂಡನ ಫೋನು, ಅದೂ ಸ್ಪೀಕರಿನಲ್ಲಿ. ಆಮೇಲೆ ಊಟ. ಜಾಸ್ತಿ ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ ಆಗ್ತದೆ ಎಂದು ಮೀನಿನ ತುಂಡು ಅವಳ ಬಟ್ಟಲಿಗೆ ಬರುವುದು ಕಡಿಮೆಯಾಯಿತು. ಆಮೇಲೆ ಬಳೆ. ಪಿಕಪ್ಪಿನ ಸಾಲಕ್ಕೆ ಅವಳ ತಾಯಿಮನೆಯ ಬಳೆ ಅಡವಿಟ್ಟಿದ್ದ. ಹೆರಿಗೆ ಖರ್ಚಿಗೆ ಬೇಕಲ್ಲ, ಯಾವಾಗ ಬಿಡಿಸ್ತೀರಿ ಎಂದು ಕೇಳಿದ ದಿನ ಒದ್ದ. ಹೊಟ್ಟೆಗೆ ಬಿದ್ದಿರಬೇಕಿತ್ತು, ಅವಳು ತಿರುಗಿದ್ದರಿಂದ ಸೊಂಟಕ್ಕೆ ಬಿತ್ತು. ರಾತ್ರಿಯ ಬಲವಂತವನ್ನು ಹೇಳಿದ್ದು ಕೊನೆಗೆ, ಕಣ್ಣು ತಪ್ಪಿಸಿ.

ನಮ್ಮ ಪಟ್ಟಿಗೆ ಇದರಲ್ಲಿ ಗುರುತು ಹಾಕಲು ಸಿಗುವುದು ಒಂದು ಒದೆ. ಬಸಿರಿನಲ್ಲಿ, ಒಂದು ಸಲ.

ಇಂಥ ಪಟ್ಟಿಗಳ ಮೂಲ ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ರೆ ಸ್ಟ್ರಾಸ್ 1979ರಲ್ಲಿ ಪ್ರಕಟಿಸಿದ ಒಂದು ಅಳತೆ. ಎಷ್ಟು ಸಲ ತಳ್ಳಿದರು, ಎಷ್ಟು ಸಲ ಹೊಡೆದರು ಎಂದು ಎಣಿಸುವುದು ಅದರ ರೀತಿ. ಸ್ತ್ರೀವಾದಿ ಸಂಶೋಧಕರು ಆಗಿನಿಂದಲೂ ಅದಕ್ಕೆ ಒಂದು ಆಕ್ಷೇಪ ಎತ್ತುತ್ತ ಬಂದಿದ್ದಾರೆ. ಎಣಿಕೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ ಎಂಬುದು ಬರುವುದಿಲ್ಲ, ಯಾವ ಮಾತಿಗೆ ಪೆಟ್ಟು ಬಿತ್ತು ಎಂಬುದೂ ಬರುವುದಿಲ್ಲ. ಹಾಗೆಂದು ಎಣಿಕೆ ಬೇಡ ಎಂದು ನಾನು ಹೇಳುವುದಿಲ್ಲ. ನಿಮಗೆ ಹಿಂಸೆ ಆಗುತ್ತದಾ ಎಂದು ಕೇಳಿದರೆ ಬಹಳಷ್ಟು ಹೆಂಗಸರು ಇಲ್ಲ ಎನ್ನುತ್ತಾರೆ. ಒದ್ದದ್ದುಂಟಾ ಎಂದು ನೇರ ಕೇಳಿದರೆ ಉಂಟು ಎನ್ನುತ್ತಾರೆ. ಪಟ್ಟಿಯ ಉಪಯೋಗ ಅದು. ಆದರೆ ಪಟ್ಟಿಯಿಂದ ಶುರು ಮಾಡಿದ್ದರೆ ಚೀಟಿ, ಫೋನು, ಮೀನಿನ ತುಂಡು, ಬಳೆ ಇವು ನಾಲ್ಕೂ ನಮಗೆ ಸಿಗುತ್ತಿರಲಿಲ್ಲ. ಒದೆ ಬಿದ್ದದ್ದು ಅವುಗಳ ತುದಿಯಲ್ಲಿ.

2019-21ರ ರಾಷ್ಟ್ರೀಯ ಸಮೀಕ್ಷೆಯನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕೇರಳದಲ್ಲಿ ಶೇ. 9.9, ಕರ್ನಾಟಕದಲ್ಲಿ ಶೇ. 44.4. ಬಸಿರಿನಲ್ಲಿ ದೈಹಿಕ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ. 3.1. ಗಡಿಯ ತಲಪಾಡಿಯ ಈಚೆ ಆಚೆ ಒಂದೇ ಭಾಷೆಯ, ಒಂದೇ ಬಳಗದ ಮನೆಗಳಿವೆ. ರಾಜ್ಯದ ಸರಾಸರಿ ಈ ಮನೆಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಸಿರಿನ ಪ್ರಶ್ನೆಯಲ್ಲಿ ಸಮೀಕ್ಷೆ ಕೇಳುವುದು ಹೊಡೆತ, ಒದೆಯಂಥ ದೈಹಿಕ ನೋವನ್ನು ಮಾತ್ರ. ನಮ್ಮ ಪ್ರಕರಣದ ಹೆಣ್ಣುಮಗಳು ಆ ಪ್ರಶ್ನೆಗೆ ಐದನೇ ತಿಂಗಳಲ್ಲಿ ಉತ್ತರ ಕೊಟ್ಟಿದ್ದರೆ ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಿದ್ದಳು. ಒದೆ ಬಿದ್ದದ್ದು ಆರನೇ ತಿಂಗಳಲ್ಲಿ.

ಅವಳ ಅನುಭವ ಅಪರೂಪದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಸಿರಿನ ದೈಹಿಕ ಹಿಂಸೆ ಬಹುತೇಕ ಕಡೆ ಶೇ. 4ರಿಂದ 12ರ ನಡುವೆ ಇತ್ತು. ಹೊಡೆದವರಲ್ಲಿ ಶೇ. 90ಕ್ಕಿಂತ ಹೆಚ್ಚು ಪಾಲು ಆ ಮಗುವಿನ ತಂದೆಯೇ. ಬಸಿರಿನಲ್ಲಿ ಪೆಟ್ಟು ತಿಂದವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಒದೆಯೋ ಗುದ್ದೋ ಬಿದ್ದದ್ದು ಹೊಟ್ಟೆಗೆ. ರಕ್ತಸ್ರಾವ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ತಾಯಿಗೆ ಖಿನ್ನತೆ, ಇವೆಲ್ಲ ಬಸಿರಿನ ಹಿಂಸೆಯ ಜೊತೆ ಕಾಣಿಸಿಕೊಳ್ಳುತ್ತವೆ.

ಅವಳು ಕೇಳಿದ ಪ್ರಶ್ನೆಗಳು

ಮಾತಿನ ನಡುವೆ ಅವಳೂ ಕೇಳಿದಳು. ಮಗುವಿಗೆ ಏನಾದರೂ ಆಗಿರ್ತದಾ? ಮಾಸು ಮೇಲೆ ಹೋಗ್ತದಾ? ಬಳೆ ನನ್ನದೇ ಅಂತ ಹೇಳಲಿಕ್ಕೆ ಆಗ್ತದಾ? ನಿಮ್ಮ ಯಜಮಾನರು ನಿಮಗೆ ಜೋರು ಮಾಡುವುದುಂಟಾ?

ಸಂದರ್ಶನದ ಹಳೆಯ ಪಾಠದ ಪ್ರಕಾರ ಸಂಶೋಧಕಿ ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು. ನಕ್ಕು ಬೇರೆ ಕಡೆ ಹೊರಳಿಸಬೇಕು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ ಮೊದಲ ಸಲ ತಾಯಿಯಾಗುತ್ತಿದ್ದ ಹೆಂಗಸರನ್ನು ಸಂದರ್ಶಿಸಿದಾಗ ಆ ಹೆಂಗಸರು ನೂರಾರು ಪ್ರಶ್ನೆಗಳನ್ನು ಓಕ್ಲಿಗೇ ತಿರುಗಿಸಿ ಕೇಳಿದರು, ಹೆಚ್ಚಿನವು ಹೆರಿಗೆಯ ಬಗ್ಗೆ, ಮಗುವಿನ ಬಗ್ಗೆ. ಕೊಡದೆ ಬರೀ ಪಡೆಯುವುದು ಸರಿಯಲ್ಲ ಎಂದು ಓಕ್ಲಿ 1981ರಲ್ಲಿ ಬರೆದದ್ದು ಸ್ತ್ರೀವಾದಿ ಸಂಶೋಧನೆಯಲ್ಲಿ ಈಗಲೂ ನಿಂತಿರುವ ಮಾತು. ಬಸುರಿಯ ವಿಷಯದಲ್ಲಿ ಅದು ಇನ್ನೂ ಹೆಚ್ಚು ನಿಜ. ನನಗೆ ಗೊತ್ತಿದ್ದೂ ಹೇಳದೆ ಬಂದರೆ ಅವಳ ಗಂಡ ಚೀಟಿಯ ವಿಷಯದಲ್ಲಿ ಮಾಡಿದ್ದನ್ನೇ ನಾನೂ ಮಾಡಿದ ಹಾಗಲ್ಲವಾ?

ಹಾಗಾಗಿ ಉತ್ತರ ಕೊಟ್ಟೆ. ಮಧ್ಯದ ತಿಂಗಳುಗಳಲ್ಲಿ ಕೆಳಗೆ ಕಂಡ ಮಾಸು ಎಷ್ಟೋ ಜನರಲ್ಲಿ ಹೆರಿಗೆ ಹೊತ್ತಿಗೆ ಮೇಲೆ ಸರಿಯುತ್ತದೆ, ಆದರೆ ಇನ್ನೊಂದು ಸ್ಕ್ಯಾನಿಂಗ್ ಆಗಲೇಬೇಕು ಎಂದೆ. ಬಳೆಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದೆ. ನನ್ನ ಮನೆಯ ಬಗ್ಗೆ ಕೇಳಿದ್ದಕ್ಕೂ ಉತ್ತರ ಹೇಳಿದೆ, ಅದು ಅವಳಿಗೆ ಹೇಳಿದ ಮಾತು, ಇಲ್ಲಿಗೆ ಬೇಡ.

ಕುತ್ತಿಗೆ ಹಿಡಿದ ವಿಷಯದಲ್ಲಿ ಮಾತ್ರ ಅವಳು ಕೇಳದಿದ್ದರೂ ಹೇಳಿದೆ. ಗಾಯ ಆಗಿರಲಿಲ್ಲ, ಹಾಗಾಗಿ ಅವಳಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಕುತ್ತಿಗೆ ಹಿಚುಕುವುದು, ಬಸಿರಿನಲ್ಲಿ ಹೊಡೆಯುವುದು, ಇವೆರಡೂ ಮುಂದೆ ಪ್ರಾಣಕ್ಕೆ ಅಪಾಯ ಇದೆ ಎಂಬುದಕ್ಕೆ ಗಟ್ಟಿ ಸೂಚನೆಗಳು ಎಂದು ಹೆಂಗಸರ ಕೊಲೆಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಇಂಥ ಹೊತ್ತಿನಲ್ಲಿ ನಾನು ಬರೀ ಕೇಳುವವಳು ಎಂದು ಕೂರುವುದು ತಟಸ್ಥತೆ ಅಲ್ಲ, ಹೊಣೆ ತಪ್ಪಿಸಿಕೊಳ್ಳುವುದು.

ಅವಳು ಸ್ವಲ್ಪ ಹೊತ್ತು ಬಟ್ಟೆ ಹಿಂಡಿದಳು. ಆಮೇಲೆ ಏನೇನು ಕೈಯಲ್ಲಿ ಇಟ್ಟುಕೊಳ್ಳಬೇಕು ಎಂದು ಕೇಳಿದಳು. ಆಧಾರ್, ಸ್ಕ್ಯಾನಿಂಗ್ ವರದಿ, ಎಲ್ಲ ಚೀಟಿಗಳ ಫೋಟೋ, ಬಳೆ ಅಡವಿನ ರಸೀದಿಯ ನಕಲು ಸಿಕ್ಕರೆ ಅದು, ಬಸ್ಸಿಗೂ ಆಟೋಗೂ ಬೇಕಾದ ಹಣ. ಮಹಿಳಾ ಸಹಾಯವಾಣಿಯ ನಂಬರನ್ನು ಬೇರೆಯಾಗಿ ಬರೆದು ಕೊಡುವುದಿಲ್ಲ. ಲಸಿಕೆ, ಆಂಬುಲೆನ್ಸ್, ಅಂಗನವಾಡಿಯ ನಂಬರುಗಳ ನಡುವೆ 181 ಕೂಡ ಒಂದಾಗಿ ಇರುತ್ತದೆ. ಅವಳ ತಾಯಿ ಕಾರ್ಡಿನಲ್ಲೂ ಏನನ್ನೂ ಬರೆಯಬಾರದೆಂದು ನರ್ಸಿಗೆ ಹೇಳಿದೆವು. ಆ ಕಾರ್ಡು ಗಂಡನ ಕೈಗೂ ಅತ್ತೆಯ ಕೈಗೂ ಹೋಗುತ್ತದೆ.

ಅತ್ತೆ

ಅತ್ತೆಯನ್ನು ಕೆಟ್ಟವರೆಂದು ಬರೆದು ಮುಗಿಸುವುದು ಸುಲಭ. ಮೀನಿನ ತುಂಡು ಕಡಿಮೆ ಮಾಡಿದ್ದು ಅವರೇ, ಒದ್ದ ದಿನ ತೋಟದಲ್ಲಿ ಜಾರಿದ್ದು ಎಂದು ಮೊದಲು ಹೇಳಿದ್ದೂ ಅವರೇ. ಆದರೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಅವರು ತಾವಾಗಿ ಹೇಳಿದ ಮಾತೂ ನನ್ನ ಟಿಪ್ಪಣಿಯಲ್ಲಿದೆ. ನಾನು ಇವನನ್ನು ಹೊತ್ತಾಗ ಎಂಟನೇ ತಿಂಗಳವರೆಗೆ ಸೊಪ್ಪಿನ ಹೊರೆ ಹೊತ್ತಿದ್ದೇನೆ, ಯಾರು ಕೇಳಿದ್ದರು ನನ್ನನ್ನು? ಅವರಿಗೆ ಏನೇನು ಆಗಿತ್ತು ಎಂದು ನಾವು ಕೇಳುವ ಹಾಗಿಲ್ಲ. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು ಎಂಬ ನಿಯಮ ಸೊಸೆಯನ್ನು ಕಾಪಾಡುತ್ತದೆ, ಅತ್ತೆಯ ಬಾಯಿಯನ್ನು ಮುಚ್ಚಿಸುತ್ತದೆ. ನಿಯಮ ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಅವರ ಆ ಒಂದು ವಾಕ್ಯವನ್ನು ಬಿಟ್ಟು ಈ ಪ್ರಕರಣ ಬರೆದರೆ ಅದು ಅರ್ಧ. ಗಂಡನ ಅಧಿಕಾರ ಆ ಮನೆಯಲ್ಲಿ ಒಂದು ತಲೆಮಾರು ಹಳೆಯದು, ಅದರ ಕೆಲಸವನ್ನು ಈಗ ಮಾಡುತ್ತಿರುವವರಲ್ಲಿ ಒಬ್ಬರು ಒಂದು ಕಾಲದಲ್ಲಿ ಅದರ ಕೆಳಗೆ ಇದ್ದವರು.

ಇನ್ನೊಂದು ಮಾತು. ಇವಳಿಗೆ ಹೋಗಲು ತಾಯಿಮನೆ ಇತ್ತು, ಪಿಯುಸಿ ಓದು ಇತ್ತು, ಅಡವಿಡಲು ಬಳೆಯಾದರೂ ಇತ್ತು. ಈ ಕಡೆಯ ಆದಿವಾಸಿಗಳಾದ ಕೊರಗರ ಕಾಲೊನಿಯ ಬಸುರಿಗೆ ಇವು ಮೂರೂ ಇಲ್ಲದೆ ಇರಬಹುದು. ಅಲ್ಲಿ ಚೀಟಿ ಓದುವವರ ಜೊತೆಗೆ ಜಾತಿಯೂ ಬಂದು ಕೂರುತ್ತದೆ. ಈ ಪ್ರಕರಣವನ್ನು ಹಿಡಿದು ಎಲ್ಲ ಮನೆಗಳ ಬಗ್ಗೆ ಮಾತಾಡಲು ಬರುವುದಿಲ್ಲ.

ಗಡಿ ದಾಟಿದಾಗ

ಕೇರಳದ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವಳು ಹೋದವಳು. ಕರ್ನಾಟಕದ ಆಶಾ ಪುಸ್ತಕದಲ್ಲಿ ಏಳನೇ ತಿಂಗಳಿನ ಹೊಸಬಳು. ರಕ್ತಸ್ರಾವ ಒಂದು ರಾಜ್ಯದ ಕಡತದಲ್ಲಿ, ಹೆರಿಗೆ ಇನ್ನೊಂದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಯಾರೂ ಇಲ್ಲ, ಅವಳೊಬ್ಬಳನ್ನು ಬಿಟ್ಟು. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಕಾಸರಗೋಡಿನ ರೋಗಿಗಳು ಸತ್ತದ್ದು ಸುದ್ದಿಯಾಯಿತು. ಗಡಿ ತೆರೆದಿರುವ ದಿನಗಳಲ್ಲಿ ಬಸುರಿಯ ಕಥೆ ಎರಡು ತುಂಡಾಗುವುದು ಸುದ್ದಿಯಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಕಡತಗಳಿಗಿಂತ ಮುಂದಿದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 3ನೇ ಸೆಕ್ಷನ್ ಹಿಂಸೆ ಎಂದು ಗುರುತಿಸುವುದು ಹೊಡೆತವನ್ನು ಮಾತ್ರ ಅಲ್ಲ. ಲೈಂಗಿಕ, ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯೂ ಅದರಲ್ಲಿ ಸೇರಿದೆ. ಹೆಂಡತಿಯ ಚಿನ್ನ ಕಿತ್ತುಕೊಳ್ಳುವುದು ಹಣಕಾಸಿನ ಹಿಂಸೆ. ಅಂದರೆ ಅವಳು ಹೇಳಿದ ಬಹುತೇಕ ಎಲ್ಲಕ್ಕೂ ಕಾನೂನಿನಲ್ಲಿ ಜಾಗ ಇದೆ, ನಮ್ಮ ಪ್ರಶ್ನೆಗಳ ಪಟ್ಟಿಯಲ್ಲಿ ಇರಲಿಲ್ಲ. 27ನೇ ಸೆಕ್ಷನ್ ಪ್ರಕಾರ ಅವಳು ತಾತ್ಕಾಲಿಕವಾಗಿ ಉಳಿದುಕೊಂಡಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ. ತಾಯಿಮನೆಯಲ್ಲಿ ಕೂತು, ಕನ್ನಡದಲ್ಲಿ, ಹೊಟ್ಟೆ ಹೊತ್ತುಕೊಂಡು ಕಾಸರಗೋಡಿಗೆ ಅಲೆಯದೆ. 17ನೇ ಸೆಕ್ಷನ್ ಗಂಡನ ಮನೆಯಲ್ಲಿ ಇರುವ ಹಕ್ಕನ್ನೂ ಕೊಡುತ್ತದೆ, ಮನೆ ಯಾರ ಹೆಸರಿನಲ್ಲಿದ್ದರೂ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕರ್ನಾಟಕದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿ, ಹಾಗಾಗಿ ದಾರಿ ಶುರುವಾಗುವುದು ಅಂಗನವಾಡಿಯಿಂದಲೇ.

ಇದೆಲ್ಲ ಕೇಳಿದ ಮೇಲೆ ಅವಳು ಪೊಲೀಸ್ ಕೇಸು ಬೇಡ ಎಂದಳು. ಅವಳಿಗೆ ಬೇಕಿದ್ದದ್ದು ಬಳೆ, ತನ್ನದೇ ಫೋನು, ಮಗುವಿಗೆ ಆರು ತಿಂಗಳಾಗುವವರೆಗೆ ತಾಯಿಮನೆಯಲ್ಲಿ ಇರುವುದು, ಮತ್ತು ವೈದ್ಯರ ಕೋಣೆಗೆ ಒಬ್ಬಳೇ ಹೋಗುವುದು. ನಮ್ಮ ತಂಡದಲ್ಲಿ ಇದರ ಬಗ್ಗೆ ಜೋರಾಗಿ ಚರ್ಚೆ ನಡೆಯಿತು. ಅವಳ ಆಯ್ಕೆಯನ್ನು ಗೌರವಿಸಬೇಕು, ಸರಿ. ಆದರೆ ಅವಳ ಆಯ್ಕೆ ಎಂದು ಹೇಳಿ ಕೈತೊಳೆದುಕೊಳ್ಳುವುದನ್ನೂ ನಾನು ನೋಡಿದ್ದೇನೆ. ಉಳಿಯಲು ಮನೆ, ದುಡಿಯಲು ಕೆಲಸ, ಮಗು ನೋಡಿಕೊಳ್ಳಲು ಯಾರಾದರೂ ಇದ್ದರೆ ಅವಳು ಇದನ್ನೇ ಆರಿಸುತ್ತಿದ್ದಳಾ? ಈ ಪ್ರಶ್ನೆಯನ್ನು ವರದಿಯಲ್ಲಿ ಬರೆಯಬೇಕು ಎಂದು ನಾನು ಹಟ ಹಿಡಿದೆ, ಬರೆದೆವು.

ವರದಿ ಕಳಿಸುವ ಮೊದಲು ಅವಳ ಮಾತಿನ ಬರಹವನ್ನು ಅವಳಿಗೇ ಓದಿ ಹೇಳಿದೆವು. ಒಂದು ಭಾಗ ತೆಗೆಯಿರಿ ಎಂದಳು, ತೆಗೆದೆವು. ಮೈದುನನ ಬಗ್ಗೆ ಒಂದು ಸಾಲು ಸೇರಿಸಲು ಹೇಳಿದಳು. ಒದ್ದ ದಿನ ಆಟೋ ತಂದು ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನು, ಅದನ್ನು ಬರೆಯದಿದ್ದರೆ ಸರಿಯಾಗುವುದಿಲ್ಲ ಎಂದಳು. ಸೇರಿಸಿದೆವು.

ಹೆರಿಗೆ ಕರ್ನಾಟಕದ ಕಡೆಯ ಸರಕಾರಿ ಆಸ್ಪತ್ರೆಯಲ್ಲಿ ಆಯಿತು. ಅಷ್ಟು ಹೊತ್ತಿಗೆ ಮಾಸು ಮೇಲೆ ಸರಿದಿತ್ತು. ಮಗು ತೂಕ ಕಡಿಮೆ, ಆದರೆ ಹಾಲು ಕುಡಿಯುತ್ತದೆ. ಬಾಣಂತನ ಮುಗಿದ ಮೇಲೆ ಸಿಡಿಪಿಒ ಮೂಲಕ, ಹಿಂಸೆಯ ವಿವರ ದಾಖಲಿಸುವ ಕೌಟುಂಬಿಕ ಘಟನಾ ವರದಿ ಕೊಟ್ಟು ಬಳೆಗಾಗಿ ಅರ್ಜಿ ಹಾಕಿದ್ದಾಳೆ. ವಿಚಾರಣೆ ನಡೆಯುತ್ತಿದೆ. ಗಂಡ ಒಂದು ಬಳೆ ಬಿಡಿಸಿ ತಂದುಕೊಟ್ಟಿದ್ದಾನೆ, ಉಳಿದದ್ದಕ್ಕೆ ಸಮಯ ಕೇಳಿದ್ದಾನೆ. ಅವಳು ವಾಪಸು ಹೋಗುತ್ತಾಳಾ ಎಂದು ಇನ್ನೂ ಹೇಳಿಲ್ಲ. ಅವಳ ಚೀಟಿ ಓದಿ ಹೇಳಿದ ನರ್ಸ್ ಈಗ ತೂಕ ನೋಡುವ ಜಾಗದಲ್ಲೇ ಪ್ರತಿ ಬಸುರಿಯನ್ನೂ ಒಬ್ಬಳನ್ನೇ ಕೂರಿಸಿ, ವೈದ್ಯರು ಹೇಳಿದ್ದೇನು ಎಂದು ಅವಳ ಬಾಯಲ್ಲೇ ಒಮ್ಮೆ ಹೇಳಿಸುತ್ತಾರೆ. ಕನ್ನಡವೋ, ತುಳುವೋ, ಬ್ಯಾರಿಯೋ, ಅವಳ ಮಾತು ಯಾವುದೋ ಅದರಲ್ಲಿ.